ವೈದ್ಯಕೀಯ ಶಿಲೀಂಧ್ರಶಾಸ್ತ್ರ ಮತ್ತು ಶಿಲೀಂಧ್ರ ಸೋಂಕುಗಳಲ್ಲಿ ಪಿಎಚ್.ಡಿ. ಸಂಶೋಧನೆ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಶಿಲೀಂಧ್ರಗಳಿಂದ ಮನುಷ್ಯರಿಗೆ ಬರುವ ರೋಗಗಳ ಕಾರಣ, ಪತ್ತೆ, ಚಿಕಿತ್ಸೆ ಹಾಗೂ ನಿಯಂತ್ರಣವನ್ನು ಅಧ್ಯಯನ ಮಾಡುವ ಶಾಖೆಯೇ ವೈದ್ಯಕೀಯ ಶಿಲೀಂಧ್ರಶಾಸ್ತ್ರ. ಈ ಶಾಖೆಯಲ್ಲಿ ಪಿಎಚ್.ಡಿ. ಪದವಿಗಾಗಿ ಸಂಶೋಧನೆ ಕೈಗೊಳ್ಳಲು ಇಚ್ಛಿಸುವ ರಾಜ್ಯದ ಅಭ್ಯರ್ಥಿಗಳ ಅನುಕೂಲಕ್ಕಾಗಿ ವಿಷಯದ ವ್ಯಾಪ್ತಿ, ಅರ್ಹತೆ, ಪ್ರವೇಶ ವಿಧಾನ, ಶಿಷ್ಯವೇತನ ಮತ್ತು ಪಡೆಯಬೇಕಾದ ಅನುಮತಿಗಳ ವಿವರಗಳನ್ನು ಈ ಪುಟದಲ್ಲಿ ಒಂದೆಡೆ ನೀಡಲಾಗಿದೆ.

ಈ ಸಂಶೋಧನೆಯು ವೈದ್ಯರಿಗೆ ಮಾತ್ರ ಮೀಸಲು ಎಂಬ ಅಭಿಪ್ರಾಯ ಸರಿಯಲ್ಲ. ಸೂಕ್ಷ್ಮಜೀವಶಾಸ್ತ್ರ, ಸಸ್ಯಶಾಸ್ತ್ರ, ಜೈವಿಕ ತಂತ್ರಜ್ಞಾನ, ಜೀವರಸಾಯನಶಾಸ್ತ್ರ, ಔಷಧ ವಿಜ್ಞಾನ ಮತ್ತು ಪಶುವೈದ್ಯಕೀಯ ಸ್ನಾತಕೋತ್ತರ ಪದವೀಧರರಿಗೂ ಇಲ್ಲಿ ಅವಕಾಶವಿದೆ. ಆದರೆ ಪ್ರವೇಶ ದೊರೆತ ಮಾತ್ರಕ್ಕೆ ಪ್ರಬಂಧವು ಪೂರ್ಣಗೊಳ್ಳುವುದಿಲ್ಲ. ರೋಗಿಗಳ ಮಾದರಿಗಳು, ಸಜ್ಜಾದ ಪ್ರಯೋಗಾಲಯ ಹಾಗೂ ಕಾಲಕ್ಕೆ ಸರಿಯಾಗಿ ದೊರೆಯುವ ಅನುಮತಿಗಳು, ಈ ಮೂರರಲ್ಲಿ ಒಂದು ಇಲ್ಲವಾದರೂ ಅಭ್ಯರ್ಥಿಯ ವರ್ಷಗಳು ವ್ಯರ್ಥವಾಗುವ ಸಂಭವವಿರುತ್ತದೆ. ಆದುದರಿಂದ ಕಂಡಿಕೆ 8 ಮತ್ತು 9ನ್ನು ವಿಶೇಷವಾಗಿ ಗಮನಿಸುವಂತೆ ಕೋರಲಾಗಿದೆ.

2. ಸಂಶೋಧನೆಯ ಅಗತ್ಯ

ಶಿಲೀಂಧ್ರ ಸೋಂಕು ಎಂದೊಡನೆ ಗಜಕರ್ಣ, ಹುಳುಕಡ್ಡಿಯಂತಹ ಚರ್ಮವ್ಯಾಧಿಗಳು ನೆನಪಿಗೆ ಬರುತ್ತವೆ. ಆದರೆ ಶ್ವಾಸಕೋಶ, ರಕ್ತ, ಮೆದುಳು ಮತ್ತು ಕಣ್ಣಿಗೆ ತಗಲುವ ಶಿಲೀಂಧ್ರ ಸೋಂಕುಗಳು ಪ್ರಾಣಕ್ಕೆ ಅಥವಾ ದೃಷ್ಟಿಗೆ ಎರವಾಗುತ್ತವೆ. ಮಧುಮೇಹ, ಕ್ಯಾನ್ಸರ್, ಎಚ್.ಐ.ವಿ. ಇರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು ಹಾಗೂ ತೀವ್ರ ನಿಗಾ ಘಟಕದಲ್ಲಿ ದೀರ್ಘಕಾಲ ಇರುವವರು ಹೆಚ್ಚಿನ ಅಪಾಯಕ್ಕೆ ಒಳಗಾಗುತ್ತಾರೆ. ಭಾರತದಲ್ಲಿ ಸುಮಾರು 5.7 ಕೋಟಿ ಜನರು ಗಂಭೀರ ಸ್ವರೂಪದ ಶಿಲೀಂಧ್ರ ರೋಗಗಳಿಂದ ಬಾಧಿತರಾಗಿರಬಹುದೆಂದು 2022ರ ಕೊನೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ.

ಕೋವಿಡ್ ಎರಡನೇ ಅಲೆಯ ಸಮಯದಲ್ಲಿ, ಅಂದರೆ 2021ರಲ್ಲಿ, "ಕಪ್ಪು ಶಿಲೀಂಧ್ರ" ಎಂದು ಹೆಸರಾದ ಮ್ಯೂಕರ್‌ಮೈಕೋಸಿಸ್ ರೋಗವು ಈ ವಿಷಯವನ್ನು ಮನೆಮನೆಗೆ ತಲುಪಿಸಿತು. ನಿಯಂತ್ರಣವಿಲ್ಲದ ಮಧುಮೇಹ ಮತ್ತು ಸ್ಟೀರಾಯ್ಡ್ ಔಷಧಗಳ ಅತಿಬಳಕೆ ಇದರ ಪ್ರಮುಖ ಕಾರಣಗಳಾಗಿದ್ದವು. ಈ ರೋಗದ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡುವುದನ್ನು ಕಡ್ಡಾಯಗೊಳಿಸುವಂತೆ 2021ರ ಮೇ ತಿಂಗಳಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ರಾಜ್ಯಗಳಿಗೆ ಸೂಚಿಸಿತು. ಆಂಫೊಟೆರಿಸಿನ್-ಬಿ ಔಷಧದ ಅಭಾವ, ತಡವಾದ ಪತ್ತೆ ಮತ್ತು ಶಸ್ತ್ರಚಿಕಿತ್ಸೆಯಲ್ಲಿ ಕಣ್ಣು ಕಳೆದುಕೊಂಡ ರೋಗಿಗಳ ಸಂಕಷ್ಟವು, ಈ ಶಾಖೆಯಲ್ಲಿ ತರಬೇತಿ ಪಡೆದವರ ಅಗತ್ಯವನ್ನು ಸ್ಪಷ್ಟಪಡಿಸಿತು.

ವಿಶ್ವ ಆರೋಗ್ಯ ಸಂಸ್ಥೆಯು 2022ರ ಅಕ್ಟೋಬರ್‌ನಲ್ಲಿ ಆದ್ಯತೆಯ ರೋಗಕಾರಕ ಶಿಲೀಂಧ್ರಗಳ ಪ್ರಥಮ ಪಟ್ಟಿಯನ್ನು ಪ್ರಕಟಿಸಿತು. ಇದರಲ್ಲಿ 19 ರೋಗಕಾರಕಗಳಿದ್ದು, ಅತಿ ಗಂಭೀರ ವರ್ಗದಲ್ಲಿ ಕ್ರಿಪ್ಟೋಕಾಕಸ್ ನಿಯೋಫಾರ್ಮನ್ಸ್, ಕ್ಯಾಂಡಿಡಾ ಆರಿಸ್, ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಮತ್ತು ಕ್ಯಾಂಡಿಡಾ ಆಲ್ಬಿಕನ್ಸ್ ಸೇರಿವೆ. ಮನುಷ್ಯರ ಶಿಲೀಂಧ್ರ ರೋಗಗಳಿಗೆ ಅನುಮೋದಿತ ಲಸಿಕೆ ಇಲ್ಲ. ಹಿಂದಿನ ಹತ್ತು ವರ್ಷಗಳಲ್ಲಿ ಅಮೆರಿಕ, ಯೂರೋಪ್ ಮತ್ತು ಚೀನಾದ ನಿಯಂತ್ರಣ ಪ್ರಾಧಿಕಾರಗಳ ಅನುಮೋದನೆ ಪಡೆದ ಹೊಸ ಶಿಲೀಂಧ್ರನಾಶಕ ಔಷಧಗಳು ಕೇವಲ ನಾಲ್ಕು ಎಂದು ಅದೇ ಸಂಸ್ಥೆಯು 2025ರ ಏಪ್ರಿಲ್‌ನಲ್ಲಿ ತಿಳಿಸಿದೆ. ಶಿಲೀಂಧ್ರದ ಜೀವಕೋಶವು ರಚನೆಯಲ್ಲಿ ಮನುಷ್ಯನ ಜೀವಕೋಶವನ್ನು ಹೋಲುವುದರಿಂದ, ರೋಗಿಗೆ ಹಾನಿ ಮಾಡದೆ ಶಿಲೀಂಧ್ರವನ್ನು ಮಾತ್ರ ಕೊಲ್ಲುವ ಔಷಧವನ್ನು ಕಂಡುಹಿಡಿಯುವುದು ಕಷ್ಟಸಾಧ್ಯವಾಗಿದೆ.

3. ಸಂಶೋಧನೆಗೆ ಅವಕಾಶವಿರುವ ಪ್ರಮುಖ ಕ್ಷೇತ್ರಗಳು

(ಅ) ಔಷಧ ನಿರೋಧಕತೆ: ಕ್ಯಾಂಡಿಡಾ ಆರಿಸ್ ಎಂಬ ಶಿಲೀಂಧ್ರವನ್ನು 2009ರಲ್ಲಿ ಜಪಾನಿನಲ್ಲಿ ರೋಗಿಯೊಬ್ಬರ ಕಿವಿಯಿಂದ ಪ್ರತ್ಯೇಕಿಸಿ ವಿವರಿಸಲಾಯಿತು. ಇದು ಒಂದಕ್ಕಿಂತ ಹೆಚ್ಚು ಔಷಧಗಳಿಗೆ ಬಗ್ಗದಿರುವುದಲ್ಲದೆ ಆಸ್ಪತ್ರೆಯ ಹಾಸಿಗೆ, ಉಪಕರಣಗಳ ಮೇಲೆ ಬಹುಕಾಲ ಉಳಿದು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ದೆಹಲಿಯ ಅನುರಾಧಾ ಚೌಧರಿ ಮತ್ತು ಸಹಸಂಶೋಧಕರು ಅಂಡಮಾನ್ ದ್ವೀಪಗಳ ಕರಾವಳಿ ಪರಿಸರದಿಂದ ಇದನ್ನು ಪ್ರತ್ಯೇಕಿಸಿದ ವರದಿಯು 2021ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯ ಹೊರಗೆ ಇದರ ನೆಲೆ ಯಾವುದು ಎಂಬ ಪ್ರಶ್ನೆಗೆ ದೊರೆತ ಮೊದಲ ನೇರ ಸುಳಿವು ಇದಾಗಿದೆ.

ಆಸ್ಪರ್ಜಿಲಸ್‌ನ ಸಮಸ್ಯೆ ಕೃಷಿಯೊಂದಿಗೂ ಬೆಸೆದುಕೊಂಡಿದೆ. ಬೆಳೆಗಳಿಗೆ ಸಿಂಪಡಿಸುವ ಕೆಲವು ಶಿಲೀಂಧ್ರನಾಶಕಗಳು ಆಸ್ಪತ್ರೆಯಲ್ಲಿ ಬಳಸುವ ಏಜೋಲ್ ಗುಂಪಿನ ಔಷಧಗಳ ರಾಸಾಯನಿಕ ಬಂಧುಗಳಾಗಿವೆ. ಹೊಲದ ಮಣ್ಣಿನಲ್ಲಿಯೇ ನಿರೋಧಕತೆ ಗಳಿಸಿದ ಆಸ್ಪರ್ಜಿಲಸ್ ತಳಿಗಳು ಭಾರತದಲ್ಲಿಯೂ ಇರುವುದನ್ನು 2012ರಲ್ಲಿ ವರದಿ ಮಾಡಲಾಯಿತು. ಇಂತಹ ವಿಷಯಗಳಲ್ಲಿ ಕೃಷಿ ವಿಜ್ಞಾನ ಹಾಗೂ ವೈದ್ಯಕೀಯ ವಿಜ್ಞಾನಗಳ ಸಹಯೋಗವು ಅವಶ್ಯವಾಗಿದೆ.

(ಆ) ಚರ್ಮದ ಸೋಂಕುಗಳು: ಸಾಮಾನ್ಯ ಔಷಧವಾದ ಟರ್ಬಿನಾಫಿನ್‌ಗೆ ಬಗ್ಗದ ಗಜಕರ್ಣವು ದೇಶದಲ್ಲಿ ವ್ಯಾಪಕವಾಗಿದೆ. ಇದಕ್ಕೆ ಕಾರಣವಾದ ಟ್ರೈಕೊಫೈಟಾನ್ ಇಂಡೋಟಿನಿಯೇ ಎಂಬ ಪ್ರಭೇದವನ್ನು 2020ರಲ್ಲಿ ಹೆಸರಿಸಲಾಯಿತು. ವೈದ್ಯರ ಸಲಹೆಯಿಲ್ಲದೆ ಔಷಧ ಅಂಗಡಿಯಿಂದ ಸ್ಟೀರಾಯ್ಡ್ ಮಿಶ್ರಿತ ಮುಲಾಮು ಖರೀದಿಸಿ ಹಚ್ಚುವುದರಿಂದ ತುರಿಕೆ ತಾತ್ಕಾಲಿಕವಾಗಿ ನಿಂತರೂ ಸೋಂಕು ಒಳಗೊಳಗೇ ಹರಡುತ್ತದೆ. ರೋಗಿಗಳ ಸಂಖ್ಯೆ ಹೆಚ್ಚಿದ್ದು ಮಾದರಿ ಸಂಗ್ರಹ ಸುಲಭವಾಗಿರುವುದರಿಂದ ಜಿಲ್ಲಾ ಮಟ್ಟದ ವೈದ್ಯಕೀಯ ಕಾಲೇಜುಗಳಲ್ಲಿಯೂ ಈ ವಿಷಯದಲ್ಲಿ ಸಂಶೋಧನೆ ನಡೆಸಲು ಸಾಧ್ಯವಿದೆ.

(ಇ) ಕಣ್ಣಿನ ಸೋಂಕುಗಳು: ಕೊಯ್ಲಿನ ವೇಳೆ ಭತ್ತದ ಗರಿ, ಕಬ್ಬಿನ ಎಲೆ ಅಥವಾ ಧೂಳಿನ ಕಣ ತಾಗಿ ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪಟಲಕ್ಕೆ ಗಾಯವಾದಾಗ ಫ್ಯುಸೇರಿಯಮ್, ಆಸ್ಪರ್ಜಿಲಸ್ ಮುಂತಾದವು ಒಳಸೇರಿ ಹುಣ್ಣನ್ನುಂಟುಮಾಡುತ್ತವೆ. ದಕ್ಷಿಣ ಭಾರತದ ರೈತರು ಮತ್ತು ಕೃಷಿ ಕಾರ್ಮಿಕರ ದೃಷ್ಟಿನಾಶಕ್ಕೆ ಇದೊಂದು ಮುಖ್ಯ ಕಾರಣವಾಗಿದೆ. ತಮಿಳುನಾಡಿನ ಅರವಿಂದ್ ಕಣ್ಣಿನ ಆಸ್ಪತ್ರೆಗಳು ಪ್ರಧಾನವಾಗಿ ಪಾಲ್ಗೊಂಡು 2013ರಲ್ಲಿ ಪ್ರಕಟವಾದ ಚಿಕಿತ್ಸಾ ಪ್ರಯೋಗವು, ಈ ಹುಣ್ಣಿಗೆ ಹೊಸ ಔಷಧವಾದ ವೊರಿಕೊನಜೋಲ್‌ಗಿಂತ ಹಳೆಯದಾದ ನಟಾಮೈಸಿನ್ ಹನಿಗಳೇ ಉತ್ತಮವೆಂದು, ವಿಶೇಷವಾಗಿ ಫ್ಯುಸೇರಿಯಮ್ ಸೋಂಕಿನಲ್ಲಿ, ತೋರಿಸಿತು. ಸ್ಥಳೀಯ ರೋಗಿಗಳಿಂದಲೇ ಹುಟ್ಟಿದ ಪ್ರಶ್ನೆಯು ಜಗತ್ತಿನಾದ್ಯಂತ ಚಿಕಿತ್ಸೆಗೆ ದಾರಿ ತೋರಬಲ್ಲದೆಂಬುದಕ್ಕೆ ಇದು ನಿದರ್ಶನವಾಗಿದೆ.

(ಈ) ನಿರ್ಲಕ್ಷಿತ ಆಳಸೋಂಕುಗಳು: ಬರಿಗಾಲಿನಲ್ಲಿ ದುಡಿಯುವವರ ಪಾದಕ್ಕೆ ಮುಳ್ಳು ಚುಚ್ಚಿದಾಗ ಆರಂಭವಾಗಿ, ವರ್ಷಗಳ ಕಾಲ ಬೆಳೆದು, ಕೊನೆಗೆ ಪಾದವನ್ನೇ ಕತ್ತರಿಸಬೇಕಾದ ಸ್ಥಿತಿ ತರಬಲ್ಲ ರೋಗ ಮೈಸಿಟೋಮಾ. 1842ರಲ್ಲಿ ಜಾನ್ ಗಿಲ್ ಎಂಬ ವೈದ್ಯರು ಮಧುರೈನಿಂದ ಇದನ್ನು ವರದಿ ಮಾಡಿದ ಕಾರಣ "ಮದುರಾ ಪಾದ" ಎಂಬ ಹೆಸರು ಬಂದಿತು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಇದು ಸೇರಿದ್ದು 2016ರಲ್ಲಿ. ಈ ರೋಗವು ಶಿಲೀಂಧ್ರದಿಂದಲೂ ಬ್ಯಾಕ್ಟೀರಿಯಾದಿಂದಲೂ ಬರುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆಯಾಗಿರುವುದರಿಂದ ಆರಂಭದಲ್ಲಿಯೇ ಕಾರಣವನ್ನು ಗುರುತಿಸುವ ಸರಳ ಪರೀಕ್ಷೆಯ ಅಗತ್ಯವಿದೆ.

(ಉ) ಶೀಘ್ರ ಪತ್ತೆ ವಿಧಾನಗಳು: ಅನೇಕ ಶಿಲೀಂಧ್ರಗಳು ಕೃಷಿ ಮಾಧ್ಯಮದಲ್ಲಿ ಬೆಳೆದು ಕಾಣಿಸಿಕೊಳ್ಳಲು ದಿನಗಳು, ಕೆಲವು ಬಾರಿ ನಾಲ್ಕು ವಾರಗಳವರೆಗೆ ಬೇಕಾಗುತ್ತದೆ. ರೋಗಿಯು ಅಷ್ಟು ಕಾಲ ಕಾಯುವ ಸ್ಥಿತಿಯಲ್ಲಿರುವುದಿಲ್ಲ. ಕ್ರಿಪ್ಟೋಕಾಕಸ್ ಸೋಂಕಿಗೆ ಲಭ್ಯವಿರುವ ಪ್ರತಿಜನಕ ಪಟ್ಟಿಯಂತೆ, ತಾಲ್ಲೂಕು ಆಸ್ಪತ್ರೆಯಲ್ಲಿಯೂ ನಿಮಿಷಗಳಲ್ಲಿ ಫಲಿತಾಂಶ ನೀಡುವ ಪರೀಕ್ಷೆಗಳು ಇತರ ಸೋಂಕುಗಳಿಗೂ ಅಗತ್ಯವಾಗಿವೆ.

(ಊ) ಹೊಸ ಔಷಧಗಳ ಶೋಧ: ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿದ್ದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಅವರು 1950ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ನಿಸ್ಟಾಟಿನ್ ಔಷಧವನ್ನು ಪಡೆದರು. ಭಾರತದಲ್ಲಿ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆಯಲ್ಲಿ ಶಿಲೀಂಧ್ರಶಾಸ್ತ್ರಜ್ಞ ಎಂ. ಜೆ. ತಿರುಮಲಾಚಾರ್ ಮತ್ತು ಸಹೋದ್ಯೋಗಿಗಳು ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕವನ್ನು ಅಭಿವೃದ್ಧಿಪಡಿಸಿದರು. ಮಣ್ಣು ಮತ್ತು ಸಸ್ಯ ಮೂಲಗಳಿಂದ ಔಷಧ ಶೋಧಿಸುವ ಈ ಮಾರ್ಗವು ವಿಜ್ಞಾನ ಪದವೀಧರರಿಗೆ ಇಂದಿಗೂ ತೆರೆದಿದೆ.

4. ಶೈಕ್ಷಣಿಕ ಅರ್ಹತೆ

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯು.ಜಿ.ಸಿ.) ಪಿಎಚ್.ಡಿ. ವಿನಿಯಮಗಳು, 2022ರ ಅನ್ವಯ:

(1) ಸಂಬಂಧಿತ ವಿಷಯದಲ್ಲಿ ಕನಿಷ್ಠ ಶೇ. 55 ಅಂಕಗಳೊಂದಿಗೆ ಸ್ನಾತಕೋತ್ತರ ಪದವಿ ಅಥವಾ ತತ್ಸಮಾನ ವೃತ್ತಿಪರ ಪದವಿ ಪಡೆದಿರತಕ್ಕದ್ದು.
(2) ನಾಲ್ಕು ವರ್ಷಗಳ ಅಂದರೆ ಎಂಟು ಸೆಮಿಸ್ಟರ್‌ಗಳ ಸ್ನಾತಕ ಪದವಿ ಪಡೆದವರು ಕನಿಷ್ಠ ಶೇ. 75 ಅಂಕ ಗಳಿಸಿದ್ದಲ್ಲಿ ಅರ್ಹರಾಗಿರುತ್ತಾರೆ.
(3) ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಇತರ ಹಿಂದುಳಿದ ವರ್ಗ, ವಿಕಲಚೇತನ ಹಾಗೂ ಆರ್ಥಿಕವಾಗಿ ದುರ್ಬಲ ವರ್ಗದ ಅಭ್ಯರ್ಥಿಗಳಿಗೆ ಶೇ. 5ರ ಸಡಿಲಿಕೆ ನೀಡಬಹುದಾಗಿದೆ.

ಎಂ.ಡಿ. (ಸೂಕ್ಷ್ಮಜೀವಶಾಸ್ತ್ರ, ಚರ್ಮರೋಗ ಇತ್ಯಾದಿ) ಪದವೀಧರರು ಅರ್ಜಿ ಸಲ್ಲಿಸಬಹುದು. ಕೆಲವು ಸಂಸ್ಥೆಗಳು ಎಂ.ಬಿ.ಬಿ.ಎಸ್. ಪದವೀಧರರನ್ನೂ ಪರಿಗಣಿಸುತ್ತವೆ. ಯಾವ ಪದವಿಗಳನ್ನು "ಸಂಬಂಧಿತ ವಿಷಯ" ಎಂದು ಪರಿಗಣಿಸಲಾಗುವುದೆಂಬುದನ್ನು ಆಯಾ ವಿಶ್ವವಿದ್ಯಾಲಯದ ಅಧಿಸೂಚನೆಯಲ್ಲಿ ನೋಡತಕ್ಕದ್ದು.

5. ಪ್ರವೇಶ ವಿಧಾನ ಮತ್ತು ಅವಧಿ

ಪ್ರವೇಶಕ್ಕೆ ಸಾಮಾನ್ಯವಾಗಿ ಎರಡು ಮಾರ್ಗಗಳಿವೆ. ಒಂದು, ರಾಷ್ಟ್ರೀಯ ಅರ್ಹತಾ ಪರೀಕ್ಷೆ (ನೆಟ್). ಈ ಶಾಖೆಯ ಬಹುತೇಕ ಅಭ್ಯರ್ಥಿಗಳಿಗೆ ಅನ್ವಯಿಸುವುದು ಸಿ.ಎಸ್.ಐ.ಆರ್.–ಯು.ಜಿ.ಸಿ. ನೆಟ್ ಪರೀಕ್ಷೆಯ ಜೀವ ವಿಜ್ಞಾನಗಳ ಪತ್ರಿಕೆ. ಎರಡು, ವಿಶ್ವವಿದ್ಯಾಲಯ ಅಥವಾ ಸಂಸ್ಥೆಯು ತಾನೇ ನಡೆಸುವ ಪ್ರವೇಶ ಪರೀಕ್ಷೆ ಹಾಗೂ ಸಂದರ್ಶನ. ಯು.ಜಿ.ಸಿ. 2024ರಲ್ಲಿ ಜಾರಿಗೊಳಿಸಿದ ವ್ಯವಸ್ಥೆಯಲ್ಲಿ ಜೆ.ಆರ್.ಎಫ್. ದೊರೆಯದ ನೆಟ್ ಅಭ್ಯರ್ಥಿಗಳ ಅಂಕಗಳನ್ನೂ ಪಿಎಚ್.ಡಿ. ಪ್ರವೇಶಕ್ಕೆ ಪರಿಗಣಿಸಲಾಗುತ್ತದೆ. ಇವರಿಗೆ ನೆಟ್ ಅಂಕಗಳಿಗೆ ಶೇ. 70, ಸಂದರ್ಶನಕ್ಕೆ ಶೇ. 30 ಮೌಲ್ಯ ನಿಗದಿಯಾಗಿದ್ದು, ಅಂಕಗಳು ಒಂದು ವರ್ಷದವರೆಗೆ ಮಾತ್ರ ಸಿಂಧುವಾಗಿರುತ್ತವೆ.

ಪಿಎಚ್.ಡಿ. ಅವಧಿಯು ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ 2 ವರ್ಷ ವಿಸ್ತರಿಸಬಹುದು. ಮಹಿಳೆಯರಿಗೆ ಹಾಗೂ ಶೇ. 40ಕ್ಕಿಂತ ಹೆಚ್ಚಿನ ವೈಕಲ್ಯವುಳ್ಳವರಿಗೆ ಇನ್ನೂ 2 ವರ್ಷಗಳ ಅವಕಾಶವಿರುತ್ತದೆ. ಮಹಿಳಾ ಸಂಶೋಧಕರು ಒಟ್ಟು 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಪಡೆಯಬಹುದಾಗಿದೆ. ಕನಿಷ್ಠ 12 ಕ್ರೆಡಿಟ್‌ಗಳ ಪೂರ್ವಭಾವಿ ಪಠ್ಯಕ್ರಮವನ್ನು ಪೂರ್ಣಗೊಳಿಸುವುದು ಕಡ್ಡಾಯ.

6. ಸಂಶೋಧನಾ ಸಂಸ್ಥೆಗಳು

ರಾಜ್ಯದಲ್ಲಿ: ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ತನ್ನ ಮಾನ್ಯತೆ ಪಡೆದ ಕೇಂದ್ರಗಳ ಮೂಲಕ ಪಿಎಚ್.ಡಿ. ನೋಂದಣಿ ಮಾಡಿಕೊಳ್ಳುತ್ತದೆ. ಮೆದುಳು ಮತ್ತು ನರಮಂಡಲದ ಸೋಂಕುಗಳಲ್ಲಿ ಆಸಕ್ತಿಯುಳ್ಳವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಅಧಿಸೂಚನೆಯನ್ನು ಗಮನಿಸಬಹುದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕ್ಯಾಂಡಿಡಾ ಮತ್ತು ಕ್ರಿಪ್ಟೋಕಾಕಸ್‌ಗಳ ಕೋಶ ವಿಭಜನೆ ಹಾಗೂ ವರ್ಣತಂತುಗಳ ಕುರಿತು ಮಹತ್ವದ ಸಂಶೋಧನೆ ನಡೆದಿದೆ. ರಾಜ್ಯದ ಸಾಂಪ್ರದಾಯಿಕ ವಿಶ್ವವಿದ್ಯಾಲಯಗಳ ಸೂಕ್ಷ್ಮಜೀವಶಾಸ್ತ್ರ, ಸಸ್ಯಶಾಸ್ತ್ರ ಮತ್ತು ಜೈವಿಕ ತಂತ್ರಜ್ಞಾನ ವಿಭಾಗಗಳಲ್ಲಿಯೂ ಅವಕಾಶಗಳಿರುತ್ತವೆ.

ಹೊರರಾಜ್ಯಗಳಲ್ಲಿ: ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯು ರೋಗಕಾರಕ ಶಿಲೀಂಧ್ರಗಳ ರಾಷ್ಟ್ರೀಯ ಸಂಗ್ರಹವನ್ನು ಹೊಂದಿದೆ. ದೆಹಲಿ ವಿಶ್ವವಿದ್ಯಾಲಯದ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಶ್ವಾಸಕೋಶದ ಶಿಲೀಂಧ್ರ ಸೋಂಕುಗಳ ಕುರಿತು ದೀರ್ಘಕಾಲದ ಸಂಶೋಧನೆ ನಡೆದಿದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ ಕಣ್ಣಿನ ಸೋಂಕುಗಳ ಕುರಿತು ಸಂಶೋಧನೆ ನಡೆಯುತ್ತದೆ. ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯು ರಾಷ್ಟ್ರೀಯ ಶಿಲೀಂಧ್ರ ಸಂಗ್ರಹವನ್ನು ನಿರ್ವಹಿಸುತ್ತದೆ.

ವಿದೇಶದಲ್ಲಿ: 2019ರಲ್ಲಿ ಆಬರ್ಡೀನ್‌ನಿಂದ ಬ್ರಿಟನ್ನಿನ ಎಕ್ಸಿಟರ್ ವಿಶ್ವವಿದ್ಯಾಲಯಕ್ಕೆ ಸ್ಥಳಾಂತರಗೊಂಡ ವೈದ್ಯಕೀಯ ಶಿಲೀಂಧ್ರಶಾಸ್ತ್ರ ಕೇಂದ್ರ ಹಾಗೂ ನೆದರ್‌ಲ್ಯಾಂಡ್ಸ್‌ನ ನೈಮೇಗನ್‌ನಲ್ಲಿರುವ ರಾಡ್‌ಬೌಡ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಈ ಶಾಖೆಯಲ್ಲಿ ಹೆಸರಾಗಿವೆ.

7. ಶಿಷ್ಯವೇತನ ಮತ್ತು ಫೆಲೋಷಿಪ್

(1) ಕಿರಿಯ ಸಂಶೋಧನಾ ಫೆಲೋಷಿಪ್ (ಜೆ.ಆರ್.ಎಫ್.): ದಿನಾಂಕ 01.01.2023ರಿಂದ ಜಾರಿಗೆ ಬಂದ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ಮಾಸಿಕ ರೂ. 37,000, ತದನಂತರ ಹಿರಿಯ ಫೆಲೋಷಿಪ್ ಅಡಿ ಮಾಸಿಕ ರೂ. 42,000 ಹಾಗೂ ನಿಯಮಾನುಸಾರ ಮನೆ ಬಾಡಿಗೆ ಭತ್ಯೆ.
(2) ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಇತರ ಹಿಂದುಳಿದ ವರ್ಗಗಳ ಅಭ್ಯರ್ಥಿಗಳಿಗೆ ಕೇಂದ್ರ ಸರ್ಕಾರದ ಪ್ರತ್ಯೇಕ ರಾಷ್ಟ್ರೀಯ ಫೆಲೋಷಿಪ್ ಯೋಜನೆಗಳು.
(3) ವಿದೇಶ ವ್ಯಾಸಂಗಕ್ಕೆ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕ ಹಾಗೂ ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬಗಳ ಅಭ್ಯರ್ಥಿಗಳಿಗೆ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಪ್ರತ್ಯೇಕ ಯೋಜನೆಯಿದೆ.
(4) ಮಾರ್ಗದರ್ಶಕರ ಅನುದಾನಿತ ಯೋಜನೆಯಲ್ಲಿ ಸಂಶೋಧನಾ ಸಹಾಯಕರ ಹುದ್ದೆ. ಯೋಜನೆಯ ಅವಧಿ ಮುಗಿದೊಡನೆ ಈ ವೇತನವು ನಿಲ್ಲುತ್ತದೆ ಎಂಬುದನ್ನು ಅಭ್ಯರ್ಥಿಗಳು ಗಮನದಲ್ಲಿಡತಕ್ಕದ್ದು.

8. ಪಡೆಯಬೇಕಾದ ಅನುಮತಿಗಳು

(1) ರೋಗಿಗಳ ರಕ್ತ, ಕಫ, ಚರ್ಮದ ತುಣುಕು ಮುಂತಾದ ಮಾದರಿಗಳನ್ನು ಬಳಸುವ ಮೊದಲು ಸಂಸ್ಥೆಯ ನೈತಿಕ ಸಮಿತಿಯ ಲಿಖಿತ ಅನುಮೋದನೆ ಅಗತ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳು ಅನ್ವಯವಾಗುತ್ತವೆ. ಸಮ್ಮತಿ ಪತ್ರವು ರೋಗಿಗೆ ಅರ್ಥವಾಗುವ ಭಾಷೆಯಲ್ಲಿರತಕ್ಕದ್ದು. ರಾಜ್ಯದಲ್ಲಿ ಬಹುತೇಕ ಸಂದರ್ಭಗಳಲ್ಲಿ ಕನ್ನಡದ ಪ್ರತಿಯು ಅವಶ್ಯ.
(2) ಅಪಾಯಕಾರಿ ಸೂಕ್ಷ್ಮಜೀವಿಗಳು ಅಥವಾ ತಳಿ ಪರಿವರ್ತಿತ ಶಿಲೀಂಧ್ರಗಳ ಪ್ರಯೋಗಕ್ಕೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಅನುಮತಿ ಅಗತ್ಯ. ಹಿಸ್ಟೊಪ್ಲಾಸ್ಮಾದಂತಹ ಶಿಲೀಂಧ್ರಗಳ ಬೂಷ್ಟು ರೂಪವನ್ನು ಬೆಳೆಸಲು ಮೂರನೇ ಹಂತದ ಜೈವಿಕ ಸುರಕ್ಷತಾ ಪ್ರಯೋಗಾಲಯ ಬೇಕಾಗುತ್ತದೆ. ಇಂತಹ ಸೌಲಭ್ಯ ಎಲ್ಲ ಸಂಸ್ಥೆಗಳಲ್ಲಿ ಇರುವುದಿಲ್ಲ.
(3) ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮೋದನೆ ಪಡೆಯತಕ್ಕದ್ದು.
(4) ಮಾದರಿ ಅಥವಾ ಶಿಲೀಂಧ್ರ ತಳಿಗಳನ್ನು ವಿದೇಶಕ್ಕೆ ಕಳುಹಿಸುವ ಪ್ರಸ್ತಾವವಿದ್ದಲ್ಲಿ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿ ಹಾಗೂ ಜೀವವೈವಿಧ್ಯ ಕಾಯ್ದೆ, 2002ರ ಉಪಬಂಧಗಳು ಸಂದರ್ಭಾನುಸಾರ ಅನ್ವಯವಾಗುತ್ತವೆ.

ನೈತಿಕ ಸಮಿತಿಯ ಅನುಮೋದನೆಗೆ ಮುಂಚೆ ಸಂಗ್ರಹಿಸಿದ ಮಾದರಿಗಳನ್ನು ಅನಂತರದ ಅನುಮೋದನೆಯಿಂದ ಸಕ್ರಮಗೊಳಿಸಲು ಬರುವುದಿಲ್ಲ. ಆದುದರಿಂದ ಪಠ್ಯಕ್ರಮದ ಅವಧಿಯಲ್ಲಿಯೇ ಈ ಅರ್ಜಿಗಳನ್ನು ಸಿದ್ಧಪಡಿಸಿಕೊಳ್ಳುವುದು ಸೂಕ್ತ.

9. ಅರ್ಜಿ ಸಲ್ಲಿಸುವ ಮುನ್ನ ಖಚಿತಪಡಿಸಿಕೊಳ್ಳಬೇಕಾದ ಅಂಶಗಳು

(1) ಮಾರ್ಗದರ್ಶಕರು ಆ ವಿಶ್ವವಿದ್ಯಾಲಯದಿಂದ ಮಾನ್ಯತೆ ಪಡೆದಿರುವರೇ ಮತ್ತು ಅವರಲ್ಲಿ ಸ್ಥಾನ ಖಾಲಿಯಿದೆಯೇ. ಏಕಕಾಲಕ್ಕೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧಕರಿಗಿಂತ ಹೆಚ್ಚು ಮಂದಿಗೆ ಮಾರ್ಗದರ್ಶನ ನೀಡುವಂತಿಲ್ಲ.
(2) ಮಾರ್ಗದರ್ಶಕರ ನಿವೃತ್ತಿ ದಿನಾಂಕ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಸೇವಾವಧಿ ಉಳಿದಿರುವವರು ಹೊಸ ಸಂಶೋಧಕರನ್ನು ತೆಗೆದುಕೊಳ್ಳುವಂತಿಲ್ಲ.
(3) ಸಂಸ್ಥೆಯು ಆಸ್ಪತ್ರೆಯನ್ನು ಹೊಂದಿರದಿದ್ದಲ್ಲಿ ಮಾದರಿಗಳನ್ನು ನೀಡುವ ಆಸ್ಪತ್ರೆಯೊಂದಿಗೆ ಲಿಖಿತ ಒಪ್ಪಂದವಿದೆಯೇ. ಬಾಯಿಮಾತಿನ ಭರವಸೆಯನ್ನು ನಂಬಿ ವಿಷಯವನ್ನು ನಿಗದಿಪಡಿಸಿಕೊಳ್ಳಬಾರದು.
(4) ಆಯ್ದ ರೋಗದ ಎಷ್ಟು ಪ್ರಕರಣಗಳು ಆ ಆಸ್ಪತ್ರೆಗೆ ವಾರ್ಷಿಕವಾಗಿ ಬರುತ್ತವೆ. ಹಿಂದಿನ ವರ್ಷಗಳ ಪ್ರಯೋಗಾಲಯ ದಾಖಲೆಗಳಿಂದ ಇದನ್ನು ತಿಳಿಯಬಹುದು. ವಿರಳ ರೋಗವನ್ನು ಆಯ್ದುಕೊಂಡಲ್ಲಿ ಅವಧಿಯೊಳಗೆ ಸಾಕಷ್ಟು ಮಾದರಿಗಳು ದೊರೆಯದೆ ಹೋಗಬಹುದು.
(5) ಪ್ರತ್ಯೇಕಿಸಿದ ತಳಿಗಳನ್ನು ಸಂರಕ್ಷಿಸುವ ವ್ಯವಸ್ಥೆ ಹಾಗೂ ಪ್ರಭೇದವನ್ನು ಡಿ.ಎನ್.ಎ. ಮಟ್ಟದಲ್ಲಿ ದೃಢಪಡಿಸುವ ಸೌಲಭ್ಯ. ಹಳೆಯ ಯಾಂತ್ರಿಕ ವಿಧಾನಗಳು ಕ್ಯಾಂಡಿಡಾ ಆರಿಸ್ ಅನ್ನು ಬೇರೆ ಪ್ರಭೇದವೆಂದು ತಪ್ಪಾಗಿ ಗುರುತಿಸಿದ ನಿದರ್ಶನಗಳಿವೆ.

10. ಸಲ್ಲಿಸಬೇಕಾದ ದಾಖಲೆಗಳು

ಅರ್ಜಿಯೊಂದಿಗೆ ಸಾಮಾನ್ಯವಾಗಿ ಈ ಕೆಳಕಂಡ ದಾಖಲೆಗಳನ್ನು ಕೋರಲಾಗುತ್ತದೆ:

- ಸ್ನಾತಕ ಹಾಗೂ ಸ್ನಾತಕೋತ್ತರ ಅಂಕಪಟ್ಟಿಗಳು ಮತ್ತು ಪದವಿ ಪ್ರಮಾಣಪತ್ರ
- ನೆಟ್ ಅಥವಾ ಪ್ರವೇಶ ಪರೀಕ್ಷೆಯ ಫಲಿತಾಂಶ ಪತ್ರ
- ಸಂಶೋಧನಾ ಪ್ರಸ್ತಾವನೆಯ ಸಾರಾಂಶ
- ಮೀಸಲಾತಿ ಕೋರುವವರು ತಹಶೀಲ್ದಾರರಿಂದ ನಾಡಕಚೇರಿ ಮೂಲಕ ಪಡೆದ ಜಾತಿ ಹಾಗೂ ಆದಾಯ ಪ್ರಮಾಣಪತ್ರ (ಕೇಂದ್ರೀಯ ಸಂಸ್ಥೆಗಳಲ್ಲಿ ಇತರ ಹಿಂದುಳಿದ ವರ್ಗದವರು ಕೇಂದ್ರ ಸರ್ಕಾರದ ನಮೂನೆಯಲ್ಲಿ ಪಡೆದಿರತಕ್ಕದ್ದು)
- ಅನ್ವಯವಾದಲ್ಲಿ 371(ಜೆ) ಪ್ರಮಾಣಪತ್ರ ಹಾಗೂ ವಿಕಲಚೇತನರ ಪ್ರಮಾಣಪತ್ರ
- ಸೇವಾನಿರತರಾಗಿದ್ದಲ್ಲಿ ಉದ್ಯೋಗದಾತರ ನಿರಾಕ್ಷೇಪಣಾ ಪತ್ರ

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸೇವೆಯಲ್ಲಿದ್ದುಕೊಂಡು ಪಿಎಚ್.ಡಿ. ಮಾಡಬಹುದೇ?
ಉತ್ತರ: ಅರೆಕಾಲಿಕ ನೋಂದಣಿಗೆ ಅವಕಾಶವಿರುವ ಸಂಸ್ಥೆಗಳಲ್ಲಿ ನಿರಾಕ್ಷೇಪಣಾ ಪತ್ರದೊಂದಿಗೆ ಮಾಡಬಹುದು. ದೂರ ಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್.ಡಿ. ನೀಡಲು ವಿನಿಯಮಗಳಲ್ಲಿ ಅವಕಾಶವಿಲ್ಲ.

ಪ್ರಶ್ನೆ: ವಿವಾಹಾನಂತರ ಬೇರೆ ಊರಿಗೆ ಹೋಗಬೇಕಾದಲ್ಲಿ ಅದುವರೆಗಿನ ಸಂಶೋಧನೆ ವ್ಯರ್ಥವಾಗುವುದೇ?
ಉತ್ತರ: ಇಲ್ಲ. ಮಹಿಳಾ ಸಂಶೋಧಕರು ಸ್ಥಳಾಂತರಗೊಂಡಾಗ ನಿಯಮಗಳಿಗೊಳಪಟ್ಟು ಸಂಶೋಧನಾ ದತ್ತಾಂಶವನ್ನು ಹೊಸ ಸಂಸ್ಥೆಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ.

ಪ್ರಶ್ನೆ: ಎಂ.ಎಸ್‌ಸಿ. ನಂತರ ಈ ವಿಷಯದಲ್ಲಿ ಪಿಎಚ್.ಡಿ. ಪಡೆದವರು ರೋಗಿಗಳಿಗೆ ಚಿಕಿತ್ಸೆ ನೀಡಬಹುದೇ?
ಉತ್ತರ: ಇಲ್ಲ. ಇದು ಸಂಶೋಧನಾ ಪದವಿ. ಚಿಕಿತ್ಸೆ ನೀಡಲು ನೋಂದಾಯಿತ ವೈದ್ಯರಾಗಿರುವುದು ಕಡ್ಡಾಯ. ವೈದ್ಯಕೀಯ ಕಾಲೇಜುಗಳ ಬೋಧಕ ಹುದ್ದೆಗಳಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಆಯಾ ಕಾಲದ ನಿಯಮಗಳು ಅನ್ವಯವಾಗುತ್ತವೆ.

12. ಸೂಚನೆ

ಈ ಪುಟವು ಮಾಹಿತಿಗಾಗಿ ಮಾತ್ರ. ಇದರ ಮೂಲಕ ಯಾವುದೇ ಅರ್ಜಿಯನ್ನಾಗಲಿ ಶುಲ್ಕವನ್ನಾಗಲಿ ಸ್ವೀಕರಿಸಲಾಗುವುದಿಲ್ಲ. ಪ್ರವೇಶ ಹಾಗೂ ಫೆಲೋಷಿಪ್ ಕುರಿತು ಆಯಾ ಸಂಸ್ಥೆಯ ಅಧಿಸೂಚನೆಯೇ ಅಂತಿಮ. ಸೀಟು ಅಥವಾ ಸಿದ್ಧ ಪ್ರಬಂಧ ಒದಗಿಸುವುದಾಗಿ ಹಣ ಕೇಳುವ ಮಧ್ಯವರ್ತಿಗಳಿಗೆ ಅಭ್ಯರ್ಥಿಗಳು ಬಲಿಯಾಗಬಾರದು. ಕೃತಿಚೌರ್ಯ ಸಾಬೀತಾದಲ್ಲಿ ಪದವಿ ದೊರೆತ ನಂತರವೂ ಅದನ್ನು ಹಿಂಪಡೆಯಬಹುದಾಗಿದೆ.